ಮನೆ ಇದ್ದ ಹಾಗೆ

ಮಾರ್ಚ್ ೪, ಮಂಗಳವಾರ

ಬಂದವರೆಲ್ಲ ಹೊರಟುಹೋದರು. ಕೊನೆಗೆ ಹೋದವಳು ಮಗಳು. ಬಸ್ಸು ಹತ್ತಿದ ಮೇಲೂ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಪ್ಪ, ಗ್ಯಾಸ್ ಆಫ್ ಮಾಡೋದು ಮರೀಬೇಡ" ಅಂದಳು. ಅವಳಮ್ಮನಾಗಿದ್ದರೆ ಇದೇ ಮಾತಿಗೆ ಮೂರು ಬೈಗುಳ ಸೇರಿಸಿ ಹೇಳುತ್ತಿದ್ದಳು.

ಡೈರಿ ಬರೆಯುವ ಅಭ್ಯಾಸ ನನಗಿಲ್ಲ. ಇದು ನನ್ನ ಸ್ಟುಡಿಯೋದ ಹಳೆಯ ಆರ್ಡರ್ ಪುಸ್ತಕ. ಎಲ್ಲರ ಕೈಗೂ ಫೋನು ಬಂದು, ಫೋಟೋ ಹಿಡಿಸಿಕೊಳ್ಳಲು ನನ್ನ ಬಳಿ ಯಾರೂ ಬರದಂತಾದ ಮೇಲೆ ಅರ್ಧ ಪುಸ್ತಕ ಖಾಲಿ ಉಳಿದಿತ್ತು. ಮಾತಾಡಲು ಮನೆಯಲ್ಲಿ ಬೇರೆ ಯಾರೂ ಇಲ್ಲವಾದ್ದರಿಂದ ಇದರ ಜೊತೆ ಮಾತಾಡುತ್ತೇನೆ.

ಹೆಂಡತಿ ಹೋಗಿ ಇವತ್ತಿಗೆ ಹನ್ನೆರಡು ದಿನ. ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದವಳು ಕುಸಿದುಬಿದ್ದಳು. ಆಸ್ಪತ್ರೆ ಮುಟ್ಟುವ ಮುಂಚೆಯೇ ಎಲ್ಲ ಮುಗಿದಿತ್ತು. ಮೂವತ್ನಾಲ್ಕು ವರ್ಷದ ಸಂಸಾರ ಮುಗಿದದ್ದನ್ನು ಬರೆಯಲು ಎರಡು ಸಾಲು ಸಾಕಾಯಿತಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತಿದೆ.

ಮಾರ್ಚ್ ೯, ಭಾನುವಾರ

ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಅವಳ ಫೋನು ಒಂದೇ ಸಮನೆ ಟಿಣ್ ಟಿಣ್ ಅನ್ನತೊಡಗಿತು. ನೋಡಿದರೆ ನಮ್ಮ ಚಾನೆಲ್ಲಿನಲ್ಲಿ ಹೊಸ ವಿಡಿಯೋ! ಆಮೇಲೆ ನೆನಪಾಯಿತು, ಅದು ತಿಂಗಳ ಹಿಂದೆಯೇ ಮುಗಿಸಿದ ವಿಡಿಯೋ. ಇಂಥ ಭಾನುವಾರ, ಇಷ್ಟು ಗಂಟೆಗೆ ಹೋಗಲಿ ಎಂದು ಅವಳೇ ದಿನ ಗೊತ್ತುಮಾಡಿ ಇಟ್ಟಿದ್ದಳು.

ಚಾನೆಲ್ಲಿನ ಹೆಸರು 'ಮನೆ ಇದ್ದ ಹಾಗೆ'. ಸ್ಟುಡಿಯೋ ಮುಚ್ಚಿ ನಾನು ಮೂಲೆ ಹಿಡಿದು ಕೂತಿದ್ದಾಗ ಶುರು ಮಾಡಿದವಳು ಅವಳೇ. ಹರಿದ ಹೊದಿಕೆಯ ಆಯುಷ್ಯ ಹೆಚ್ಚಿಸುವುದು, ಮಸಿ ಹಿಡಿದ ಪಾತ್ರೆ ತಿಕ್ಕುವುದು, ಕಾಳಿಗೆ ಹುಳ ಬೀಳದಂತೆ ನೋಡಿಕೊಳ್ಳುವುದು, ಹೀಗೆ ನಮ್ಮ ಮನೆಗಳಲ್ಲಿ ಹೆಂಗಸರು ಬಾಯಿಬಿಟ್ಟು ಹೇಳದೆ ಮಾಡಿಕೊಂಡು ಬಂದ ಕೆಲಸಗಳನ್ನು ಅವಳು ಮಾಡಿ ತೋರಿಸುವಳು, ನಾನು ಕ್ಯಾಮೆರಾ ಹಿಡಿಯುವೆನು. ಮೊದಲ ದಿನ ಮೇಜಿನ ಮೇಲೆ ಹೊಸ ಬಟ್ಟೆ ಹಾಸಲು ಹೋದೆ. ಕಿತ್ತು ಬಿಸಾಕಿದಳು. "ಇದ್ದ ಹಾಗೆ ತೋರಿಸೋ ಹಾಗಿದ್ರೆ ತೋರಿಸಿ, ಇಲ್ದಿದ್ರೆ ಮುಚ್ಕೊಂಡು ಮಲ್ಕೊಳ್ಳಿ" ಅಂದಳು. ಹೆಸರು ಅಲ್ಲಿಂದಲೇ ಬಂತು.

ನೋಡುವವರೆಲ್ಲ ಅವಳನ್ನು 'ಅಕ್ಕ' ಅನ್ನುತ್ತಾರೆ. ಇವತ್ತು ಒಬ್ಬಾಕೆ ಬರೆದಿದ್ದಳು: "ಅಕ್ಕಾ, ನೂರು ವರ್ಷ ಚೆನ್ನಾಗಿರಿ." ಅದರ ಕೆಳಗೆ 'ಅವಳು ತೀರಿಕೊಂಡಳು' ಎಂದು ಒತ್ತಿದೆ. ಅಳಿಸಿದೆ. ಮತ್ತೆ ಒತ್ತಿದೆ, ಮತ್ತೆ ಅಳಿಸಿದೆ. ಕೊನೆಗೆ ಅವಳು ಎಲ್ಲರಿಗೂ ಹಾಕುತ್ತಿದ್ದ 'ಧನ್ಯವಾದ' ಹಾಕಿ ಫೋನು ಮಗುಚಿಟ್ಟೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮಾರ್ಚ್ ೧೪, ಶುಕ್ರವಾರ

ಇವತ್ತು ಕಂಪ್ಯೂಟರ್ ತೆರೆದೆ. ಚಿತ್ರ ಹಿಡಿದು ಮುಗಿಸಿ, ಮಾತು ಸೇರಿಸದೆ ಉಳಿದದ್ದು ಏಳು ವಿಡಿಯೋ.

ನಮ್ಮ ಕೆಲಸದ ಕ್ರಮವೇ ಹಾಗೆ. ಮೊದಲು ಅವಳು ಕೆಲಸ ಮಾಡುವಳು, ನಾನು ಹಿಡಿಯುವೆನು. ವಿವರಣೆ ಆಮೇಲೆ. ಬೀದಿಯ ಗದ್ದಲ ಬರಬಾರದೆಂದು ಬಟ್ಟೆ ಬೀರುವಿನ ಬಾಗಿಲು ತೆಗೆದು, ನೇತುಹಾಕಿದ ಬಟ್ಟೆಗಳ ನಡುವೆ ತಲೆ ತೂರಿಸಿ ಕೂತು ಮಾತಾಡುತ್ತಿದ್ದಳು. ಮೊದಲ ಸಲ ಹಾಗೆ ಕೂತದ್ದನ್ನು ನೋಡಿ ಕಸ ಒಯ್ಯುವವಳು ಬಾಗಿಲಲ್ಲೇ ಕಿರುಚಿಕೊಂಡಿದ್ದಳು.

ಕ್ಯಾಮೆರಾ ತಾನಾಗಿ ಹಿಡಿದ ಶಬ್ದ ನಮಗೆ ಬೇಡ. ಹಾರ್ನು, ಪಕ್ಕದ ಮನೆಯ ಟಿವಿ, ನಡುನಡುವೆ ಅವಳು ನನಗೆ ಬೈಯುವುದು, ಬರೀ ಇದೇ. ಅದನ್ನು ಬೇರ್ಪಡಿಸಿ ಎಸೆಯುವುದು ನನ್ನ ಮೊದಲ ಕೆಲಸ. ಏಳನ್ನೂ ಒಂದೇ ಪಟ್ಟಿಗೆ ಕೂತು ಮುಗಿಸಿದೆ. ಕೇಳಿಸಿಕೊಳ್ಳುತ್ತಾ ಕೂತರೆ ಕೈ ಓಡುವುದಿಲ್ಲವೆಂದು ಶಬ್ದ ಬಂದ್ ಮಾಡಿಕೊಂಡೇ ಮಾಡಿದೆ. ಈ ಮುದಿ ಕಂಪ್ಯೂಟರಿನಲ್ಲಿ ಜಾಗ ಸಾಲದು, ಎಸೆದದ್ದನ್ನೂ ಪೂರ್ತಿ ಅಳಿಸಿ ಚೊಕ್ಕ ಮಾಡಿದೆ. ಎಷ್ಟೋ ದಿನದ ಮೇಲೆ ಕೆಲಸ ಮಾಡಿದ ಹಾಗಾಯಿತು. ಮಧ್ಯಾಹ್ನ ಹೊಟ್ಟೆ ತುಂಬ ಉಂಡೆ.

ಮಾರ್ಚ್ ೧೮, ಮಂಗಳವಾರ

ನಾದಿನಿ ಫೋನು ಮಾಡಿದ್ದಳು. 'ಹಲೋ' ಅಂದದ್ದೇ ತಡ, ನಾನು ಗೋಡೆ ಹಿಡಿದುಕೊಂಡೆ. ಅಕ್ಕತಂಗಿಯರದು ಮೊದಲಿನಿಂದಲೂ ಒಂದೇ ದನಿ. ಮದುವೆಯಾದ ಹೊಸದರಲ್ಲಿ ಹೆಂಡತಿಯೆಂದುಕೊಂಡು ಇವಳ ಜೊತೆ ಫೋನಿನಲ್ಲಿ ಐದು ನಿಮಿಷ ಸರಸವಾಡಿ, ಇಬ್ಬರ ಕೈಲೂ ವರ್ಷಗಟ್ಟಲೆ ಗೇಲಿ ಮಾಡಿಸಿಕೊಂಡವನು ನಾನು.

ಆ ಏಳು ವಿಡಿಯೋದ ವಿಷಯ ಹೇಳಿದೆ. ನೀನು ಮಾತು ಕೊಡುತ್ತೀಯಾ ಎಂದು ಕೇಳಿಯೇಬಿಟ್ಟೆ.

"ನಾನು ಅಕ್ಕನ ಹಾಗೆ ಮಾತಾಡೋದಾ? ಏನ್ ಭಾವ ನೀವು! ಅವಳು ಎದ್ದು ಬಂದು ಕಪಾಳಕ್ಕೆ ಬಾರಿಸ್ತಾಳೆ ಅಷ್ಟೆ."

"ಬಂದ್ರೆ ಬರ್ಲಿ ಬಿಡು" ಅಂದೆ.

ಶನಿವಾರ ಬರುತ್ತೇನೆಂದು ಹೇಳಿ ಇಟ್ಟುಬಿಟ್ಟಳು.

ಮಾರ್ಚ್ ೨೩, ಭಾನುವಾರ

ನಿನ್ನೆ ನಾದಿನಿ ಬೀರುವಿನೊಳಗೆ ತಲೆಯಿಟ್ಟವಳು ಹತ್ತು ನಿಮಿಷ ಹೊರಗೆ ತೆಗೆಯಲಿಲ್ಲ. ಬಟ್ಟೆಯಲ್ಲಿ ಇನ್ನೂ ಅವಳ ವಾಸನೆ ಇದೆಯಂತೆ. ನನಗೆ ಗೊತ್ತು, ಅದಕ್ಕೇ ನಾನು ಆ ಬಾಗಿಲು ತೆಗೆದಿರಲಿಲ್ಲ. ಕಣ್ಣು ಒರೆಸಿಕೊಂಡು ಕೂತು, ನಾನು ಬರೆದುಕೊಟ್ಟದ್ದನ್ನು ಒಂದೇ ಸಲಕ್ಕೆ ಓದಿ ಮುಗಿಸಿದಳು. ನಡುಮಧ್ಯೆ ಹರಿದ ಹಾಸುಬಟ್ಟೆಯನ್ನು ಉದ್ದಕ್ಕೆ ಸೀಳಿ, ಅಂಚುಗಳನ್ನು ನಡುವಿಗೆ ತಂದು ಕೂಡಿಸುವ ಕೆಲಸ ಅದು. ಕೈ ಅವಳದು, ದನಿ ಇವಳದು.

ಇವತ್ತು ಬೆಳಿಗ್ಗೆ ಬಿಟ್ಟೆ. ಸಂಜೆವರೆಗೂ ಒಂದೊಂದೇ ಪ್ರತಿಕ್ರಿಯೆ ಓದಿದೆ. ಯಾರಾದರೂ ಒಬ್ಬರು, ನಾಲ್ಕು ವರ್ಷದಿಂದ ತಪ್ಪದೆ ನೋಡುವವರಲ್ಲಿ ಯಾರಾದರೂ ಒಬ್ಬರು, "ಇದು ಅಕ್ಕನ ದನಿಯಲ್ಲ" ಅನ್ನುತ್ತಾರೆಂದು ಕಾಯುತ್ತಿದ್ದೆ. ಯಾರೂ ಅನ್ನಲಿಲ್ಲ. ಅದಕ್ಕೆ ಸಂತೋಷಪಡಬೇಕಾಗಿತ್ತು. ಅಷ್ಟೇನಾ ನನ್ನ ಹೆಂಡತಿ, ಇಷ್ಟು ಸುಲಭವಾಗಿ ಬದಲಾಯಿಸಬಹುದಾ ಅನಿಸಿ ಅತ್ತುಬಿಟ್ಟೆ.

ಮಾರ್ಚ್ ೩೦, ಭಾನುವಾರ

ಎರಡನೆಯದು. ಛತ್ರಿಯ ಮುರಿದ ಕಡ್ಡಿ ಕಟ್ಟುವುದು. ಯಾರಿಗೂ ಗೊತ್ತಾಗಲಿಲ್ಲ.

ಏಪ್ರಿಲ್ ೩, ಗುರುವಾರ

ಒಂದು ಸಂಸ್ಥೆಯವರ ಪತ್ರ ಬಂದಿದೆ. ನಮ್ಮ ಸಂಸ್ಕೃತಿಯನ್ನೂ ಜೀವನಶೈಲಿಯನ್ನೂ ಬಣ್ಣ ಹಚ್ಚದೆ ತೋರಿಸುವ ಇಪ್ಪತ್ತು ಚಾನೆಲ್ಲುಗಳನ್ನು ಆರಿಸಿ ಪ್ರಚಾರ ಮಾಡುತ್ತಾರಂತೆ. "ನಿಮ್ಮಲ್ಲಿ ನಟನೆ ಇಲ್ಲ, ಎಲ್ಲವೂ ಅಪ್ಪಟ" ಎಂದು ಹೊಗಳಿದ್ದಾರೆ. ಜೊತೆಗೆ ಒಂದು ಸಲಹೆ: ಅಕ್ಕ ಬರೀ ಕೆಲಸ ಹೇಳಿಕೊಡದೆ ಮನೆಯವರ ವಿಷಯ, ಹಳೆಯ ನೆನಪು, ಇಂಥವನ್ನೂ ಹಂಚಿಕೊಂಡರೆ ಜನಕ್ಕೆ ಇನ್ನೂ ಹತ್ತಿರವಾಗುತ್ತಾರೆ.

ಸುಳ್ಳಲ್ಲ. ಅವಳ ವಿವರಣೆ ಅಂದರೆ ಬರೀ ಅಪ್ಪಣೆ. "ದಾರ ಮೊಳಕ್ಕಿಂತ ಉದ್ದ ಬೇಡ. ಗಂಟು ಒಳಗಿರಲಿ. ಆಯ್ತು, ಹೋಗಿ ಮಾಡಿ." ಇಷ್ಟಕ್ಕೇ ಜನ ಇವಳನ್ನು ಇಷ್ಟು ಮೆಚ್ಚಿದ್ದಾರೆ. ಮನಸ್ಸು ಬಿಚ್ಚಿ ನಾಲ್ಕು ಮಾತು ಆಡಿದ್ದರೆ ಇನ್ನೆಷ್ಟು ಮೆಚ್ಚುತ್ತಿದ್ದರೋ! ಮೂರನೆಯದಕ್ಕೆ ನಾಲ್ಕು ಸಾಲು ಜಾಸ್ತಿ ಬರೆದೆ. ನನ್ನ ಗಂಡ ಪಕ್ಕದಲ್ಲಿ ಇಲ್ಲದಿದ್ದರೆ ನನಗೆ ಕೆಲಸವೇ ಸಾಗುವುದಿಲ್ಲ, ಅಂತ ಒಂದು ಸಾಲು. ಬರೆಯುವಾಗ ಸ್ವಲ್ಪ ನಾಚಿಕೆಯಾಯಿತು.

ಏಪ್ರಿಲ್ ೬, ಭಾನುವಾರ

"ಎಂಥ ದಂಪತಿ!" ಎಂದು ನೂರಾರು ಜನ ಬರೆದಿದ್ದಾರೆ. ಸಂಜೆ ಮೂರು ಸಲ ಹಾಕಿಕೊಂಡು ಕೇಳಿದೆ. ಕೇಳುತ್ತಾ ಕೇಳುತ್ತಾ ಅವಳೇ ಅಂದದ್ದು ಅನಿಸಿತು.

ಏಪ್ರಿಲ್ ೧೨, ಶನಿವಾರ

ನಾಲ್ಕನೆಯದು ಕರವಸ್ತ್ರಕ್ಕೆ ಅಂಚು ಹೊಲಿಯುವುದು. ಅಕ್ಕನ ವಿಡಿಯೋಗಳಲ್ಲಿ ಇದರಷ್ಟು ಚಂದ ಬೆಳಕು ಬಿದ್ದದ್ದು ಇನ್ನೊಂದಿಲ್ಲ. ಕಿಟಕಿಯ ಬಿಸಿಲು ನೇರ ಬೆರಳಿನ ಮೇಲಿದೆ. ಇದಕ್ಕೆ ನಾನು ಬರೆದದ್ದು: "ನನ್ನ ಮಗಳಿಗೆ ಈ ಹೊಲಿಗೆ ಎಂಟನೇ ವಯಸ್ಸಿಗೇ ಬಂದಿತ್ತು. ಅವಳ ಕೈ ನನಗಿಂತ ಚೆನ್ನ. ಅವಳೆದುರು ಯಾವತ್ತೂ ಹೇಳಿಲ್ಲ, ಅಷ್ಟೆ."

ನಾದಿನಿ ಬೀರುವಿನಿಂದ ತಲೆ ಹೊರಗೆ ತೆಗೆದಳು. "ಭಾವ, ಅಕ್ಕ ಇದನ್ನ ಯಾವಾಗ ಅಂದಿದ್ಲು?"

"ಅನ್ಲಿಲ್ಲ. ಮನಸ್ಸಲ್ಲಿತ್ತು."

"ಅವಳ ಮನಸ್ಸಲ್ಲಿ ಏನಿತ್ತು ಅಂತ ನಿಮಗ್ಯಾರು ಹೇಳಿದ್ರು? ಮಗಳ ಹೊಲಿಗೆ ನೋಡಿದ್ರೆ ಅವಳಿಗೆ ಮೈಯೆಲ್ಲ ಉರೀತಿತ್ತು. ನಾನು ಕಣ್ಣಾರೆ ನೋಡಿದೀನಿ."

"ಓದೇ ಸುಮ್ನೆ. ಅಕ್ಕನ ಜೊತೆ ಮೂವತ್ನಾಲ್ಕು ವರ್ಷ ಬಾಳಿದೋನು ನಾನು."

"ನೀವೂ ಅವಳನ್ನ ಅಕ್ಕ ಅಂತೀರಾ ಈಗ?" ಎಂದು ನನ್ನ ಮುಖ ನೋಡಿದಳು. ಬಾಯಿ ತಪ್ಪಿ ಬಂದಿರಬೇಕು. ಆಮೇಲೆ ಓದಿದಳು. ಬೇಗ ಹೊರಟಳು.

ಏಪ್ರಿಲ್ ೧೩, ಭಾನುವಾರ

ಇದುವರೆಗೆ ಇಷ್ಟು ಜನ ಯಾವುದನ್ನೂ ನೋಡಿರಲಿಲ್ಲ.

ಏಪ್ರಿಲ್ ೧೫, ಮಂಗಳವಾರ

ಮಧ್ಯಾಹ್ನ ಮಗಳ ಫೋನು. ಅವಳು ಇರುವುದು ಆರು ಗಂಟೆ ದಾರಿಯ ಊರಿನಲ್ಲಿ. ಅಮ್ಮ ಮಾಡಿಟ್ಟದ್ದು ಇನ್ನೂ ಕೆಲವು ವಿಡಿಯೋ ಇವೆ, ಬಿಡುತ್ತಿದ್ದೇನೆ ಎಂದು ಮಾತ್ರ ಅವಳಿಗೆ ಹೇಳಿದ್ದೆ. ಅವಳು ಅವನ್ನು ನೋಡುವುದಿಲ್ಲವೆಂದುಕೊಂಡಿದ್ದೆ, ಅಮ್ಮನ ಕೈ ಆಡುವುದನ್ನು ನೋಡಲಾಗುವುದಿಲ್ಲ ಎಂದು ಅವಳೇ ಹೇಳಿದ್ದಳು.

"ಅಪ್ಪ, ಕೇಳಿದ್ಯಾ?" ಅಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಅಮ್ಮ ಏನಂದಿದಾಳೆ ಕೇಳಿದ್ಯಾ? ಅವಳ ಕೈ ನನಗಿಂತ ಚೆನ್ನ ಅಂತ! ನನ್ನ ಕೈ! ಅಪ್ಪ, ನಂಗೆ ಮೂವತ್ತೆರಡು ವರ್ಷ. ಒಂದೇ ಒಂದು ಸಲ ಚೆನ್ನಾಗಿದೆ ಅಂದಿರ್ಲಿಲ್ಲ ಅವಳು. ನಿಂಗೆ ಗೊತ್ತಿತ್ತಾ ಇದು? ನಿನ್ನ ಹತ್ರ ಅಂತಿದ್ಲಾ?"

ನಾನು "ಹೂಂ" ಅಂದೆ.

ಬೇರೆ ಏನು ಅನ್ನಬಹುದಿತ್ತು? ಬಾಯಿಗೆ ಬಂದದ್ದು ಹೂಂ. ಅವಳು ಇನ್ನೂ ಜೋರಾಗಿ ಅಳತೊಡಗಿದಳು. ಹೊಟ್ಟೆ ತುಂಬಿದವರು ಅಳುವ ಅಳು ಅದು. ಹುಟ್ಟಿದಂದಿನಿಂದ ಅವಳನ್ನು ಬಲ್ಲ ನನಗೆ ಅಷ್ಟು ತಿಳಿಯುತ್ತದೆ.

ಏಪ್ರಿಲ್ ೧೬, ಬುಧವಾರ

ಏನೂ ಬರೆಯಲಾರೆ.

ಏಪ್ರಿಲ್ ೨೦, ಭಾನುವಾರ

ಇವತ್ತು ವಿಡಿಯೋ ಬಿಡಲಿಲ್ಲ. ಐದನೆಯದಕ್ಕೆ ಮಾತು ಬರೆಯಲು ಕೂತೆ, ಕೈ ಏಳಲಿಲ್ಲ. ಅಕ್ಕ ಆರೋಗ್ಯವೇ ಎಂದು ಜನ ಕೇಳುತ್ತಿದ್ದಾರೆ.

ಮಗಳು ಚಿತ್ರ ಕಳಿಸಿದ್ದಾಳೆ. ಸೂಜಿದಾರ ಹಿಡಿದು ಕೂತು ದಿಂಬಿನ ಚೀಲಕ್ಕೆ ಅಂಚು ಹೊಲಿಯುತ್ತಿದ್ದಾಳಂತೆ. ಆ ಮಾತಿನ ತುಣುಕನ್ನು ಫೋನಿನಲ್ಲಿ ಇಳಿಸಿಕೊಂಡು ಅತ್ತೆಗೆ, ಗಂಡನಿಗೆ, ಆಫೀಸಿನವರಿಗೆಲ್ಲ ಕೇಳಿಸಿದ್ದಾಳೆ. "ಅವಳೆದುರು ಯಾವತ್ತೂ ಹೇಳಿಲ್ಲ, ಅಷ್ಟೆ." ಆ 'ಅಷ್ಟೆ' ಅನ್ನುವಾಗ ಅಮ್ಮನ ದನಿ ಸ್ವಲ್ಪ ನಡುಗುತ್ತದೆಯಂತೆ. ನಾದಿನಿಗೆ ಆ ಹೊತ್ತಿಗೆ ನನ್ನ ಮೇಲೆ ಸಿಟ್ಟು ಬಂದಿತ್ತು, ಅದಕ್ಕೆ ನಡುಗಿದ್ದು.

ಮೇ ಮೂರಕ್ಕೆ ಬರುತ್ತಾಳಂತೆ. ಅಮ್ಮನ ಉಳಿದ ಮಾತನ್ನು ಮೊದಲು ತಾನೇ ಕೇಳಬೇಕಂತೆ.

ಏಪ್ರಿಲ್ ೨೪, ಗುರುವಾರ

ನಾದಿನಿ ಬಂದಿದ್ದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಹೇಳಿದಳು: "ಅವಳು ದಿನಾ ಫೋನ್ ಮಾಡ್ತಾಳೆ ಭಾವ. ಚಿಕ್ಕಮ್ಮ, ಅಮ್ಮನ ನೆನಪಾಗ್ತಿದೆ, ಮಾತಾಡು ಅಂತ. ನಾನು ತಗೊಳ್ತಾ ಇಲ್ಲ. ಹೇಗೆ ತಗೊಳ್ಳಲಿ? ಬಾಯಿ ಬಿಟ್ರೆ ಅದೇ ದನಿ. ಅಕ್ಕ ಹೋದ್ಲು, ಈಗ ಅವಳ ಮಗಳನ್ನೂ ಕಳ್ಕೊಂಡೆ ನಾನು. ಹೇಳ್ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಹೇಳುತ್ತೇನೆ ಅಂದೆ. ಹೇಳಿದರೆ ಮಗಳ ಕೈಯಿಂದ ಅದನ್ನು ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಅವಳು ಸಾಯುವವರೆಗೂ ನನ್ನ ಸುಳ್ಳನ್ನು ತಾಯಿಯೆಂದು ಇಟ್ಟುಕೊಂಡಿರುತ್ತಾಳೆ. ಇನ್ನೊಂದು ಯೋಚನೆಯೂ ಬಂತು, ಬರೆದುಬಿಡುತ್ತೇನೆ: ಯಾರಿಗೂ ಗೊತ್ತಾಗುವುದಿಲ್ಲವಲ್ಲ, ಇರಲಿ ಬಿಡು ಅಂತ.

ಮೇ ೩, ಶನಿವಾರ

ಮಗಳು ಹನ್ನೊಂದಕ್ಕೆ ಬಂದಳು. ಕೈಕಾಲು ತೊಳೆಯುವ ಮುಂಚೆಯೇ ಬ್ಯಾಗಿನಿಂದ ದಿಂಬಿನ ಚೀಲ ತೆಗೆದು ನನ್ನ ಮಡಿಲಿಗೆ ಹಾಕಿದಳು. ಅಂಚು ಸೊಟ್ಟ. ಒಂದು ಕಡೆ ದಪ್ಪ, ಒಂದು ಕಡೆ ತೆಳುವು, ಮೂಲೆಯಲ್ಲಿ ಸುರುಟಿಕೊಂಡಿತ್ತು.

"ಅಮ್ಮ ನೋಡಿದ್ರೆ ಏನಂತಿದ್ಲು ಹೇಳು" ಎಂದು ಪಕ್ಕದಲ್ಲಿ ಕೂತಳು. ಎಂಟು ವರ್ಷದವಳ ಮುಖ ಮಾಡಿಕೊಂಡಿದ್ದಳು. 'ಚೆನ್ನಾಗಿದೆ' ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಆಗಲಿಲ್ಲ.

"ಅದು ಚಿಕ್ಕಮ್ಮನ ದನಿ" ಅಂದೆ.

"ಯಾವುದು?"

"ವಿಡಿಯೋದ್ದು. ಮಾತು ನಾನು ಬರೆದದ್ದು."

ತಮಾಷೆಯೆಂದುಕೊಂಡು ನಕ್ಕಳು. ನಾನು ನಗಲಿಲ್ಲ. ಅವಳ ನಗು ಮುಖದಲ್ಲೇ ಉಳಿದು, ಎಲ್ಲಿಗೆ ಹೋಗಬೇಕೆಂದು ತಿಳಿಯದ ಹಾಗೆ ಸ್ವಲ್ಪ ಹೊತ್ತು ನಿಂತಿತು.

"ಎಲ್ಲಾನೂನಾ?"

"ಕೊನೆಯ ನಾಲ್ಕು."

"ಅವಳೆದುರು ಹೇಳಿಲ್ಲ ಅಷ್ಟೆ... ಅದೂನಾ?"

"ಅದೂ."

ದಿಂಬಿನ ಚೀಲವನ್ನು ನನ್ನ ಮಡಿಲಿನಿಂದ ತೆಗೆದುಕೊಂಡು, ನಾಲ್ಕಾಗಿ ಮಡಿಸಿ ಬ್ಯಾಗಿಗೆ ತುರುಕಿದಳು. "ಜನಕ್ಕೆ ಏನಾದ್ರೂ ಮಾಡ್ಕೊ. ನಂಗ್ಯಾಕಪ್ಪ? ನಾನು ಕೇಳ್ದಾಗ ಹೂಂ ಅಂದ್ಯಲ್ಲ, ಯಾಕೆ?"

"ನಿಂಗೆ ಸಮಾಧಾನ ಆಗ್ಲಿ ಅಂತ."

"ನಂಗಾ, ನಿಂಗಾ?"

ಅಮ್ಮನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಊಟಕ್ಕೂ ಬರಲಿಲ್ಲ. ಸಂಜೆ ನಾನು ಚಾನೆಲ್ಲಿನಲ್ಲಿ ಬರೆದೆ: "ನನ್ನ ಹೆಂಡತಿ ಫೆಬ್ರವರಿ ಇಪ್ಪತ್ತರಂದು ತೀರಿಕೊಂಡಳು. ಕೊನೆಯ ನಾಲ್ಕು ವಿಡಿಯೋದ ದನಿ ಅವಳದಲ್ಲ. ಅದರಲ್ಲಿರುವ ಮಾತು ನನ್ನದು, ಅವಳು ಹಾಗೆ ಮಾತಾಡುವವಳೇ ಅಲ್ಲ." ಒತ್ತಿದೆ. ಈ ಸಲ ಅಳಿಸಲಿಲ್ಲ. ಆ ಸಂಸ್ಥೆಯವರಿಗೂ ಇದನ್ನೇ ಕಳಿಸಿದೆ.

ಮೇ ೪, ಭಾನುವಾರ

ಬೆಳಿಗ್ಗೆ ಎದ್ದು ಬಂದಾಗ ಮಗಳು ಅಡುಗೆಮನೆಯ ಕಟ್ಟೆಗೆ ಒರಗಿ ಟೀ ಕುಡಿಯುತ್ತಿದ್ದಳು. ನನಗೂ ಒಂದು ಲೋಟ ಮುಚ್ಚಿಟ್ಟಿದ್ದಳು. ಕಣ್ಣು ಊದಿಕೊಂಡಿದ್ದವು.

"ನಿಜವಾಗಿ ಏನಂತಿದ್ಲು, ಅದನ್ನ ಹೇಳು" ಅಂದಳು. "ಒಂದಕ್ಷರ ಸೇರಿಸ್ಬೇಡ."

ಹೇಳಿದೆ. ಸ್ಕೂಲಿಗೆಂದು ನೀನು ಹೊಲಿದ ಕರವಸ್ತ್ರ ನೋಡಿ, "ಇದೇನು ಕೈಯೋ ಕಾಲೋ?" ಅಂದಿದ್ದಳು. ಬಿಚ್ಚಿಸಿದಳು. ನೀನು ಅತ್ತುಬಿಟ್ಟೆ. ಮತ್ತೆ ಹೊಲಿದೆ, ಮತ್ತೆ ಬಿಚ್ಚಿಸಿದಳು. ಪಾಪ ಬಿಡೇ, ಮಗು ಅಂದದ್ದಕ್ಕೆ ನನಗೂ ಬಿತ್ತು.

"ಆಮೇಲೆ?"

"ಆಮೇಲೆ ಇನ್ನೊಂದ್ಸಲ ಬಿಚ್ಚಿಸಿದ್ಲು."

ಮಗಳು ಟೀ ನೆತ್ತಿಗೇರಿ ಕೆಮ್ಮುವಷ್ಟು ನಕ್ಕಳು. "ಹೂಂ. ಇದು ಅಮ್ಮ" ಅಂದಳು. ಕಣ್ಣು ಒರೆಸಿಕೊಂಡು, "ಅಪ್ಪ, ಅವಳು ಬೈಯೋದು ಎಲ್ಲಾದ್ರೂ ಇರತ್ತಲ್ವಾ? ಶೂಟಿಂಗ್ ಮಾಡೋವಾಗ ನಿಂಗೆ ಬೈತಾನೇ ಇರ್ತಿದ್ಲು. ಅದನ್ನ ಹಾಕು. ಒಂದ್ಸಲ ಕೇಳ್ತೀನಿ" ಅಂದಳು.

ಆಗ ನನಗೆ ಹೊಳೆಯಿತು, ನಾನು ಏನು ಮಾಡಿದ್ದೇನೆಂದು.

ಆದರೂ ಹುಡುಕಿದೆವು. ನಾಲ್ಕು ವರ್ಷದ ವಿಡಿಯೋ ಒಂದೊಂದಾಗಿ ತೆರೆದು ನೋಡಿದೆವು. ಎಲ್ಲೂ ಇಲ್ಲ. ಎಲ್ಲ ಕಡೆ ಬೀರುವಿನೊಳಗಿನ ಆ ತಣ್ಣನೆಯ, ಜನಕ್ಕಾಗಿ ಆಡಿದ ದನಿ. ಬೈಗುಳವನ್ನೆಲ್ಲ ಕೆಲಸದಲ್ಲಿ ಪಳಗಿದ ಈ ಕೈ ಕೂದಲೆಳೆಯಷ್ಟೂ ಉಳಿಸದೆ ತೆಗೆದಿದೆ. ಫೋನಿನಲ್ಲಿ ನೋಡಿದೆವು; ಅವಳು ಫೋನಿನಲ್ಲಿ ದನಿಯ ಸಂದೇಶ ಕಳಿಸಿದವಳೇ ಅಲ್ಲ. "ಒಂದೂ ಇಲ್ವಾ?" ಎಂದು ಮಗಳು ಕೇಳಿದಳು. ಇಲ್ಲ ಅಂದೆ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾತು ಸೇರಿಸದ ಆ ಉಳಿದ ಮೂರರಲ್ಲಿ ಒಂದರ ಚಿತ್ರವನ್ನು ಇನ್ನೂ ಕತ್ತರಿಸಿರಲಿಲ್ಲ. ಕತ್ತರಿಗೆ ಸಾಣೆ ಹಿಡಿಯುತ್ತಿರುವವಳು ತಟ್ಟನೆ ತಲೆಯೆತ್ತಿ, ಕ್ಯಾಮೆರಾದ ಮೇಲೆ, ಅಂದರೆ ನನ್ನ ಮುಖಕ್ಕೆ ನೇರ ನೋಡಿ, ಏನೋ ಅನ್ನುತ್ತಾಳೆ. ಹುಬ್ಬು ಗಂಟಿಕ್ಕಿದೆ. ಕತ್ತರಿ ಹಿಡಿದ ಕೈ ಎರಡು ಸಲ ಕಿಟಕಿಯ ಕಡೆ ಹೋಗುತ್ತದೆ. ಹನ್ನೊಂದು ಸೆಕೆಂಡು. ಶಬ್ದವಿಲ್ಲ.

"ಬೆಳಕಿಗೆ ಅಡ್ಡ ನಿಂತಿದ್ದೆ" ಅಂದೆ.

"ಏನಂತಿದಾಳೆ?"

"ರೀ... ಕಂಬದ ಹಾಗೆ ನಿಂತಿದ್ದೀರಲ್ಲ, ಬೆಳಕು ಬಿಡಿ, ಅಂತ ಇರ್ಬೇಕು."

"ಅಷ್ಟು ಮೆತ್ತಗೆ ಅಂತಿದ್ಲಾ ಅವಳು? ಸರಿಯಾಗಿ ಹೇಳು."

ಇನ್ನೊಮ್ಮೆ ಹಾಕಿದಳು. ತುಟಿ ನೋಡಿಕೊಂಡು ಇನ್ನೊಮ್ಮೆ ಹೇಳಿದೆ. ಹಾಗಲ್ಲ, 'ರೀ' ಎಳೆಯುತ್ತಿರಲಿಲ್ಲ, ಕಡಿಯುತ್ತಿದ್ದಳು ಅಂದಳು. ಅವಳೇ ಹೇಳಿ ನೋಡಿದಳು. ಮಗಳ ದನಿ ನನ್ನ ಕಡೆಯದು, ಅದರಲ್ಲಿ ಚೂಪಿಲ್ಲ. ಚಿಕ್ಕಮ್ಮನನ್ನು ಕರೆಯಲಾ ಎಂದು ಕೇಳಿದೆ. ಬೇಡ ಅಂದಳು. ಮತ್ತೆ ಹಾಕಿದಳು. "ಜೋರಾಗಿ ಅಪ್ಪ. ಕೋಪ ಬರ್ಸ್ಕೊಂಡು ಬೈ." ಹುಟ್ಟಿದಾಗಿನಿಂದ ಯಾರಿಗೂ ಬೈದು ಅಭ್ಯಾಸವಿಲ್ಲದ ನಾನು, ಬೀದಿಗೆ ಕೇಳುವ ಹಾಗೆ, ನನಗೆ ನಾನೇ ಬೈದುಕೊಂಡೆ.

ಎರಡು ಗಂಟೆಯ ಬಸ್ಸಿಗೆ ಹೊರಡಬೇಕಾದವಳು ಹೊರಡಲಿಲ್ಲ. ನಾಲ್ಕರವರೆಗೆ ಇಬ್ಬರೂ ಸರದಿಯಂತೆ ಬೈದೆವು. ಒಂದೂ ಅವಳದಾಗಲಿಲ್ಲ.